ನೀರಿನಡಿಯ ಗದ್ದೆಗಳ ಹೆಸರು

ಶರಾವತಿ ಹಿನ್ನೀರಿನ ಕಡೆಯ ಹಳೆಯ ತಲೆಮಾರಿನ ಹೆಂಗಸರು ಇಸವಿ ಹಿಡಿದು ಮಾತಾಡುವುದು ಕಡಿಮೆ. ವಯಸ್ಸು ಕೇಳಿದರೆ, "ಮುಳುಗಡೆ ಹೊತ್ತಿಗೆ ನನ್ನ ದೊಡ್ಡ ಮಗ ಇನ್ನೂ ಮೊಲೆ ಕುಡೀತಿದ್ದ, ನೀವೇ ಲೆಕ್ಕ ಹಾಕ್ಕೊಳಿ" ಎನ್ನುತ್ತಾರೆ. ಮದುವೆಯಾದದ್ದು ಮುಳುಗಡೆಗೆ ಮೊದಲು, ಈಗಿನ ಮನೆ ಕಟ್ಟಿದ್ದು ಮುಳುಗಡೆ ಆದಮೇಲೆ. ಆ ಮುಳುಗಡೆ ತಂದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅವರ ಆಯುಸ್ಸನ್ನು ಎರಡಾಗಿ ಸೀಳಿದ ಗೆರೆ ಅದು.

ನನ್ನ ಅಜ್ಜಿಯೂ ಆ ಗೆರೆಯ ಎರಡೂ ಕಡೆ ಬದುಕಿದವಳು. ಸಾಗರ ತಾಲ್ಲೂಕಿನ ಕರೂರು ಹೋಬಳಿಯ ದೀವರ ಮನೆಯ ಹೆಣ್ಣುಮಗಳು. ಎಂಬತ್ತು ದಾಟಿದ ಮೇಲೆ, ಹಿನ್ನೀರು ದಾಟುವ ಸಿಗಂದೂರಿನ ಸೇತುವೆ ತೆರೆದ 2025ರ ಜುಲೈಗೆ ಸ್ವಲ್ಪ ಮುಂಚೆ ತೀರಿಕೊಂಡಳು. ಮೊಮ್ಮಕ್ಕಳಾದ ನಾವು ಕಂಡದ್ದು ಅವಳ ಬದುಕಿನ ಕೊನೆಯ ಪಾಲನ್ನು ಮಾತ್ರ. ಮಾತು ಕಡಿಮೆ, ಕೆಲಸ ಹೆಚ್ಚು. ಜಗಲಿಯ ಮೂಲೆಯಲ್ಲಿ ಕೂತು ಅಡಿಕೆ ಸುಲಿಯುತ್ತಲೋ ಸೊಪ್ಪು ಬಿಡಿಸುತ್ತಲೋ ಇರುತ್ತಿದ್ದಳು. ಅಜ್ಜಿ ಎಂದರೆ ಹುಟ್ಟಿನಿಂದಲೇ ಹೀಗೆ ಎಂಬಂತೆ ನಾವು ಬೆಳೆದೆವು.

ಅವಳ ಕಾರ್ಯದ ದಿನ ಶಿವಮೊಗ್ಗದ ಕಡೆಯಿಂದ ಒಬ್ಬ ಮುದುಕಿ ಬಂದಿದ್ದರು. ಅಜ್ಜಿಯ ತವರೂರಿನ ಗೆಳತಿ. ನಾವು ಯಾರೂ ಅವರನ್ನು ಕಂಡವರಲ್ಲ. ಅವರು ಅಳಲಿಲ್ಲ. ಒಳಗೆ ಕೂತು, ಅಜ್ಜಿಯ ಬಗ್ಗೆ ಹೇಳುತ್ತ ಹೋದರು. ನಾಟಿಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಿದ್ದವಳು, ಮದುವೆ ಮನೆಗಳಲ್ಲಿ ಹಸೆ ಗೋಡೆಯ ಚಿತ್ತಾರ ಬರೆಯಲು ಊರೂರಿಗೆ ಕರೆಸಿಕೊಳ್ಳುತ್ತಿದ್ದವಳು, ತುಂಬಿದ ಹೊಳೆಯನ್ನು ಈಜಿ ದಾಟಿ ಅಪ್ಪನ ಕೈಲಿ ಬೈಸಿಕೊಂಡವಳು. "ಅವಳ ಬಾಯಿ ಮುಚ್ಚಿಸೋಕೆ ಯಾರ ಕೈಲೂ ಆಗ್ತಿರಲಿಲ್ಲ ಕಣಪ್ಪ" ಎಂದರು. ನಮ್ಮ ದೊಡ್ಡಪ್ಪ, ಅಂದರೆ ಆ ಮುಳುಗಡೆಯ ಹೊತ್ತಿನಲ್ಲಿ ಮೊಲೆ ಕುಡಿಯುತ್ತಿದ್ದ ಕೂಸು, ತನ್ನ ತಾಯಿಯ ಬಗ್ಗೆ ಇದನ್ನೆಲ್ಲ ಮೊದಲ ಸಲ ಕೇಳುತ್ತಿದ್ದ.

ಆ ಗೆಳತಿ ಅಷ್ಟು ದೂರ ಹೇಗೆ ಹೋದರು ಎಂಬುದರಲ್ಲಿ ಅಜ್ಜಿಯ ಮೌನದ ಕಾರಣವೂ ಇದೆ ಎಂದು ನನಗನ್ನಿಸುತ್ತದೆ. ನೀರು ಏರಿದಾಗ ಒಂದೇ ಊರಿನವರು ಒಂದೇ ಕಡೆ ಹೋಗಲಿಲ್ಲ. ಕೆಲವರು ಅಲ್ಲೇ ಗುಡ್ಡದ ಮೇಲಕ್ಕೆ ಸರಿದರು. ಉಳಿದವರನ್ನು ಲಾರಿಗಳಲ್ಲಿ ಸಾಮಾನು ಸಮೇತ ಬೇರೆ ತಾಲ್ಲೂಕುಗಳ ಕಾಡಿನಂಚಿಗೆ ಸಾಗಿಸಿದರು. ಅಜ್ಜಿಯ ಗಂಡನ ಮನೆಯವರು ಗುಡ್ಡ ಹತ್ತಿದರು, ತವರಿನವರು ಲಾರಿ ಹತ್ತಿದರು. ಮುಳುಗಿದ ಜಮೀನಿಗೆ ಎಕರೆ ಲೆಕ್ಕದಲ್ಲಿ, ಮನೆಗೆ ಅಂಕಣದ ಲೆಕ್ಕದಲ್ಲಿ ಪರಿಹಾರ ಬರೆದರು. ಹೆಣ್ಣುಮಕ್ಕಳ ತವರು ಹೋದದ್ದನ್ನು ಯಾವ ಕಾಗದವೂ ಬರೆದುಕೊಳ್ಳಲಿಲ್ಲ. ಹಬ್ಬಕ್ಕೆ ಹೋಗಿ ಬರುತ್ತಿದ್ದ ಒಂದು ಹಾದಿ, ಹೆರಿಗೆಗೆ ಹೋಗುತ್ತಿದ್ದ ಒಂದು ಮನೆ, ಮನಸ್ಸು ಬಿಚ್ಚಿ ಮಾತಾಡಲು ಇದ್ದ ನಾಲ್ಕು ಜನ. ಅವಷ್ಟೂ ಒಂದು ಮಳೆಗಾಲಕ್ಕೆ ಹೋದವು. ಅವಳು ಆಗ ಇಪ್ಪತ್ತರ ಆಸುಪಾಸಿನ ಹುಡುಗಿ.

ಈ ಮುಳುಗಡೆಯ ಬದುಕನ್ನು ನಾ. ಡಿಸೋಜ 'ದ್ವೀಪ' ಕಾದಂಬರಿಯಲ್ಲಿ ಬರೆದರು, ಗಿರೀಶ ಕಾಸರವಳ್ಳಿ ಅದನ್ನು 2002ರಲ್ಲಿ ಸಿನಿಮಾ ಮಾಡಿದರು. ಟಿವಿಯಲ್ಲಿ ಬಂದಾಗ ಅಜ್ಜಿ ಪೂರ್ತಿ ನೋಡಿ, "ನಮಗೆ ನೀರು ಬಂದಿದ್ದು ಗೊತ್ತಾಗ್ಲೇ ಇಲ್ಲ, ಬೆಳಿಗ್ಗೆ ಎದ್ದಾಗ ಕೆಳಗಿನ ಗದ್ದೆ ಇರಲಿಲ್ಲ ಅಷ್ಟೆ" ಎಂದಿದ್ದಳು.

ಕೆಳಗಿನ ಗದ್ದೆ. ಅಜ್ಜಿಯ ನೆನಪು ಎಂದರೆ ನನಗೆ ಮುಖ್ಯವಾಗಿ ಈ ಗದ್ದೆಗಳೇ. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠವಾಗಿರುವ ಸಂಖ್ಯೆ. ಮಳೆಗಾಲದಲ್ಲಿ ಪತ್ರಿಕೆಗಳು ನಿತ್ಯ ಜಲಾಶಯದ ಮಟ್ಟ ಹಾಕುತ್ತವೆ. ಓದಲು ಬಾರದ ಅಜ್ಜಿ ಮನೆಗೆ ಬಂದವರನ್ನೆಲ್ಲ "ಇವತ್ತು ಎಷ್ಟಡಿ?" ಎಂದು ಕೇಳುತ್ತಿದ್ದಳು. ಬೇಸಿಗೆಯಲ್ಲೂ ಕೇಳುತ್ತಿದ್ದಳು. ಅಣೆಕಟ್ಟು ತುಂಬಿತೋ ಇಲ್ಲವೋ ಎಂಬ ಚಿಂತೆ ಅವಳದ್ದಲ್ಲ. ಅಡಿ ಹೇಳಿದ ಕೂಡಲೇ ಮನಸ್ಸಿನಲ್ಲಿ ಒಂದು ಲೆಕ್ಕ ನಡೆಯುತ್ತಿತ್ತು. "ಹಾಗಾದ್ರೆ ಬಾವಿಕಟ್ಟೆ ಕಂಡಿರುತ್ತೆ" ಎನ್ನುತ್ತಿದ್ದಳು. ಇನ್ನೊಂದು ವಾರಕ್ಕೆ, "ಅತ್ತಿಮರದ ಗದ್ದೆ ಬದು ಬಿಟ್ಟಿರುತ್ತೆ." ನೀರು ತೀರ ಇಳಿದ ವರ್ಷಗಳಲ್ಲಿ ಮಡೆನೂರಿನ ಹಳೆಯ ಅಣೆಕಟ್ಟೆಯೇ ಮೇಲೇಳುತ್ತದೆ. 1948ರ ಹೊತ್ತಿಗೆ, ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಅದು. ದೊಡ್ಡ ಅಣೆಕಟ್ಟು ಬಂದು ಆ ಸಣ್ಣದನ್ನೂ ಮುಳುಗಿಸಿತು. ಅದನ್ನು ನೋಡಲು ಊರೂರಿನಿಂದ ಜನ ಬರುತ್ತಾರೆ. ಅಜ್ಜಿಯ ಬಾವಿಕಟ್ಟೆಯನ್ನು ನೋಡಲು ಅಜ್ಜಿಯೊಬ್ಬಳೇ ಹೋಗುತ್ತಿದ್ದಳು.

ಅವಳ ಬಾಯಲ್ಲಿ ಪ್ರತಿ ತುಂಡು ನೆಲಕ್ಕೂ ಹೆಸರಿತ್ತು. ಮೂರು ಮೂಲೆ ಗದ್ದೆ, ಬನದ ಕೆಳಗಿನದು, ಹಲಸಿನ ಹಕ್ಕಲು, ಹೊಳೆದಂಡೆ ಗದ್ದೆ. ಸರ್ವೆ ನಂಬರಿನಲ್ಲಿ ಅವು ಬರೀ ಅಂಕಿ. ಹೆಸರುಗಳು ಇದ್ದದ್ದು ಉತ್ತವರ, ನೆಟ್ಟವರ ನಾಲಿಗೆಯಲ್ಲಿ.

ನಮ್ಮಲ್ಲಿ ಆಶ್ವಯುಜದ ಹುಣ್ಣಿಮೆಗೆ ಭೂಮಿ ಹುಣ್ಣಿಮೆ. ಭತ್ತ ಹೊಡೆ ತುಂಬಿ ನಿಂತಿರುವ ಕಾಲ. ಭೂಮಿ ಬಸುರಿ ಎಂದು ತಿಳಿದು, ಬಸುರಿಗೆ ಬಯಕೆ ಬಡಿಸುವಂತೆ ಗದ್ದೆಗೆ ಬಡಿಸುತ್ತಾರೆ. ಅದಕ್ಕೆ ಮುಂಚಿನ ದಿನಗಳಲ್ಲಿ ಹೆಂಗಸರು ಎಡೆ ಹೊರುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಚಿತ್ತಾರ ಬರೆಯುತ್ತಾರೆ. ರಾತ್ರಿಯೆಲ್ಲ ಅಡುಗೆ. ಕಡುಬು, ಹಲವು ಬಗೆಯ ಸೊಪ್ಪಿನ ಬೆರಕೆ, ಅಮಟೆಕಾಯಿ ಹಾಕಿದ ಪಲ್ಯ. ನಸುಕಿಗೆ ಮುಂಚೆ ದೊಂದಿ ಹಿಡಿದು ಬುಟ್ಟಿ ಹೊತ್ತು ಗದ್ದೆಗೆ ಹೋಗಬೇಕು. ಕಾಗೆಗೂ ಇಲಿಗೂ ಪಾಲು ಇಡಬೇಕು.

ಗುಡ್ಡ ಹತ್ತಿದ ಮೊದಲ ವರ್ಷ ಅವರಿಗೆ ಗದ್ದೆಯೇ ಇರಲಿಲ್ಲ. ಕಾಡು ಕಡಿದು ನೆಲ ಮಾಡಬೇಕಿತ್ತಷ್ಟೆ. ಮನೆಯ ಗಂಡಸರು ಈ ಸಲ ಹಬ್ಬ ಬೇಡ ಎಂದರಂತೆ. ಅಜ್ಜಿ ಬುಟ್ಟಿಗೆ ಕೆಮ್ಮಣ್ಣು ಬಳಿದಳು. ಇದ್ದ ಅಕ್ಕಿಯಲ್ಲಿ ಕಡುಬು ಮಾಡಿದಳು. ಹಸುಗೂಸನ್ನು ಅತ್ತೆಯ ಕೈಗೆ ಕೊಟ್ಟು, ನಸುಕಿನಲ್ಲಿ ಬುಟ್ಟಿ ಹೊತ್ತು ತಾನೇ ಇಳಿದು ಹೋಗಿ, ನೀರಿನ ಅಂಚಿಗೆ ಎಡೆ ಇಟ್ಟು ಬಂದಳು. ಬುಟ್ಟಿ ಹೊರುವುದು ಗಂಡಸರ ಕೆಲಸ. ಆದರೂ ಯಾರೂ ತಡೆಯಲಿಲ್ಲ. ಹಿಂದೆಯೇ ದೊಂದಿ ಹಿಡಿದು ಹೋದವನು ಅಜ್ಜನ ತಮ್ಮ, ನಮ್ಮ ಚಿಕ್ಕಜ್ಜ. ಆಗ ಹತ್ತು ಹನ್ನೆರಡರ ಹುಡುಗ. ಇದನ್ನು ನಮಗೆ ಹೇಳಿದವನೂ ಅವನೇ. ನೀರಿನ ಎದುರು ನಿಂತು ಅಜ್ಜಿ ಒಂದೊಂದು ಗದ್ದೆಯ ಹೆಸರು ಕೂಗಿ ಕೂಗಿ ಬಡಿಸಿದಳಂತೆ. ನೀರಿನಡಿ ಇದ್ದರೂ ಅದು ತನ್ನ ಗದ್ದೆಯೇ, ಹಸಿದಿರಬಾರದು ಎಂಬುದು ಅವಳ ನಂಬಿಕೆ. ಇಷ್ಟು ದೊಡ್ಡ ಪ್ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ನೀರಿನಿಂದ ಹುಟ್ಟುವ ವಿದ್ಯುತ್ತು ಇಂದಿಗೂ ನಾಡಿಗೆ ಬೆಳಕು ಕೊಡುತ್ತಿದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ನೆಲ ಬಿಟ್ಟುಕೊಟ್ಟವರ ಎಷ್ಟೋ ಮನೆಗಳಲ್ಲಿ ಮಾತ್ರ ದಶಕಗಳ ಕಾಲ ಚಿಮಣಿ ಬುಡ್ಡಿಯೇ ಉರಿಯಿತು. ಸೇತುವೆ ಬರುವ ಮೊದಲು, ಕತ್ತಲಾದ ಮೇಲೆ ಹಿನ್ನೀರು ದಾಟಿಸುವ ಲಾಂಚ್ ಇರುತ್ತಿರಲಿಲ್ಲ. ರಾತ್ರಿ ಹೆರಿಗೆ ನೋವು ಬಂದ ಬಸುರಿಯ ಪಕ್ಕದಲ್ಲಿ ಬೆಳಗಿನ ತನಕ ಕೂತ ಹೆಂಗಸರಲ್ಲಿ ಅಜ್ಜಿಯೂ ಒಬ್ಬಳು. ಹಕ್ಕುಪತ್ರಕ್ಕಾಗಿ ಅಲೆಯುವ ಮುಳುಗಡೆ ಕುಟುಂಬಗಳು ಇಂದಿಗೂ ಇವೆ. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಅಜ್ಜಿ ಸಿಟ್ಟಾದದ್ದನ್ನು ನಾವು ಕಾಣಲಿಲ್ಲ, ಹಾಗಾಗಿ ಆ ಪಾಲೂ ನಮ್ಮದೇ.

ಅವಳು ಹೋದಮೇಲೆ ಫೋಟೋಕ್ಕೆ ಕಟ್ಟು ಹಾಕಿಸಿ ಹಾರ ಹಾಕಿದ್ದೇವೆ. ಆದರೆ ಅವಳನ್ನು ನೆನೆಯುವುದಕ್ಕೆ ಅದು ಸಾಲದು ಎಂದು ಮನೆಯಲ್ಲಿ ಎಲ್ಲರಿಗೂ ಅನ್ನಿಸಿತು. ಅವಳು ಏನನ್ನು ನೆನಪಿಟ್ಟುಕೊಂಡು ಬದುಕಿದಳೋ ಅದನ್ನು ನಾವೂ ನೆನಪಿಟ್ಟುಕೊಳ್ಳಬೇಕು. ದೊಡ್ಡಪ್ಪ ಒಂದು ನೋಟ್‌ಬುಕ್ ತಂದು ಗದ್ದೆಗಳ ಹೆಸರು ಬರೆಯತೊಡಗಿದ್ದಾನೆ. ಚಿಕ್ಕಜ್ಜ ಹೇಳುತ್ತಾನೆ, ಇವನು ಬರೆಯುತ್ತಾನೆ. ಹೆಸರಿನ ಜೊತೆಗೆ ಯಾವ ಭತ್ತ ಬೆಳೆಯುತ್ತಿತ್ತು, ನೀರು ಎಲ್ಲಿಂದ ಬರುತ್ತಿತ್ತು, ಬದುವಿನ ಮೇಲೆ ಯಾವ ಮರ ಇತ್ತು ಎಂಬುದೂ ಸೇರುತ್ತಿದೆ. ಈ ಸಲ ಭೂಮಣ್ಣಿ ಬುಟ್ಟಿಯ ಚಿತ್ತಾರವನ್ನು ನನ್ನ ಅತ್ತೆಯ ಮಗಳು ಬರೆದಳು.

ನೋಟ್‌ಬುಕ್ಕಿನ ಕೆಲಸ ಈಗ ಅತ್ತಿಮರದ ಗದ್ದೆಯ ಹತ್ತಿರ ನಿಂತಿದೆ. ಅದು ಹಳ್ಳದ ಮೇಲ್ಗಡೆ ಎಂದು ಚಿಕ್ಕಜ್ಜ, ಕೆಳಗಡೆ ಎಂದು ಅಜ್ಜಿ ಹೇಳಿದ್ದು ನೆನಪಿದೆ ಎಂದು ಅತ್ತೆ. ಮದುವೆಯಾದ ಹೊಸದರಲ್ಲಿ ಅಜ್ಜಿಯ ಮನೆಗೆ ಬಂದುಹೋಗುತ್ತಿದ್ದ ಆ ಗೆಳತಿಗೆ ಫೋನ್ ಮಾಡಿ ಕೇಳಿದರೆ, ಹಳ್ಳದ ಎರಡೂ ಕಡೆ ಅತ್ತಿಮರ ಇದ್ದವು ಎಂದರು. ಬೇಸಿಗೆಗೆ ನೀರು ಇಳಿದಾಗ ಹೋಗಿ ನೋಡಿಯೇ ತೀರ್ಮಾನ ಮಾಡೋಣ ಎಂದಿದ್ದಾನೆ ಚಿಕ್ಕಜ್ಜ. ಆ ಮುದುಕಿಯೂ ಬರುತ್ತಾರಂತೆ. ಈಗ ಸೇತುವೆ ಇದೆಯಲ್ಲ, ಬಸ್ಸಿಗೇ ಬಂದು ಇಳಿಯುತ್ತೇನೆ ಎಂದಿದ್ದಾರೆ.