ಬೇಸಗೆಯ ಬೆಟ್ಟದೋಟಕ್ಕೆ ಬೆನ್ನಮೇಲಿನ ನೀರು

(ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಪೀಣ್ಯದಲ್ಲಿ ಉದ್ಯೋಗದಲ್ಲಿರುವ ಮಲೆನಾಡಿನ ಯುವಜನರು ವೈಟ್‌ಫೀಲ್ಡಿನಲ್ಲಿ ಸೇರಿದ್ದ ಭಾನುವಾರದ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ. ರಜೆಯಲ್ಲಿ ಬೆಟ್ಟ ಹತ್ತುವ ವಿದ್ಯಾರ್ಥಿಗಳಿಗೂ ಹಾದಿಬದಿಯ ಮನೆಗಳವರಿಗೂ ಉಪಯುಕ್ತವೆಂದು ಪ್ರಕಟಿಸಿದ್ದೇವೆ.)



ಬೆಳೆಗಳಿಗೆ ನೀರಿನ ಲೆಕ್ಕ ಹಾಕುವುದು ನನ್ನ ವೃತ್ತಿ. ನಾನು ಓಟದ ತರಬೇತುದಾರನಲ್ಲ, ವೈದ್ಯನೂ ಅಲ್ಲ. ಆದರೂ ಬೇಸಗೆಯಲ್ಲಿ ಬೆಟ್ಟದ ಹಾದಿಗಳಲ್ಲಿ ದೀರ್ಘದೂರ ಓಡುವ ನಿಮ್ಮೆದುರು ಮಾತನಾಡಲು ಒಪ್ಪಿದ್ದಕ್ಕೆ ಕಾರಣವಿದೆ.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳಿನಲ್ಲಿ, ಇದೇ ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗ ರಜೆಗೆ ಊರಿಗೆ ಬಂದಿದ್ದ. ಬೆಳಿಗ್ಗೆ ಎಂಟು ಗಂಟೆಗೆ, ಗುಡ್ಡದ ನೆತ್ತಿಯ ಹಾದಿಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿ ಬರುತ್ತೇನೆಂದು ಹೊರಟ. ಕೈಯಲ್ಲಿದ್ದುದು ಅರ್ಧ ಲೀಟರಿನ ಒಂದು ಬಾಟಲಿ. "ಇನ್ನೊಂದು ಬಾಟ್ಲಿ ಹಿಡ್ಕೊಂಡು ಹೋಗೋ ಮಾರಾಯ" ಎಂದು ನನ್ನ ಅಮ್ಮ ಕೂಗಿದರು. "ಹಳ್ಳ ಇದೆಯಲ್ಲ ಅಜ್ಜಿ" ಎಂದ. ಅವನ ಬಾಲ್ಯದಲ್ಲಿ ಆ ಹಳ್ಳ ಮೇ ತಿಂಗಳಿನವರೆಗೂ ಹರಿಯುತ್ತಿತ್ತು. ಈಗ ಮಾರ್ಚ್ ಮುಗಿಯುವುದರೊಳಗೆ ಅಲ್ಲಿ ಉಳಿಯುವುದು ಬರಿಯ ಕಲ್ಲು. ಹನ್ನೊಂದೂವರೆಯ ಹೊತ್ತಿಗೆ ದನ ಕಾಯುವವರೊಬ್ಬರು ಅವನನ್ನು ಆ ಒಣ ಹಳ್ಳದ ದಂಡೆಯಲ್ಲಿ ಕಂಡರು. ಅಸಂಬದ್ಧವಾಗಿ ಮಾತನಾಡುತ್ತಿದ್ದನಂತೆ. ಅವರು ಅವನನ್ನು ಸಮೀಪದಲ್ಲೇ ಇದ್ದ ತಮ್ಮ ಮನೆಗೆ ಹೊತ್ತೊಯ್ದರು. ಮನೆಯಾಕೆ ಅಂಗಳದ ನೆರಳಿನಲ್ಲಿ ಅವನನ್ನು ಮಲಗಿಸಿ, ಎರಡು ಕೊಡ ನೀರನ್ನು ಮೈಮೇಲೆ ಸುರಿದು ಗಾಳಿ ಬೀಸಿದರು. ಹುಡುಗ ಬದುಕಿಕೊಂಡ. ಅವನು ದಡ್ಡನಲ್ಲ, ದುರ್ಬಲನೂ ಅಲ್ಲ. ತಪ್ಪಿದ್ದು ನೀರಿನ ಲೆಕ್ಕ. ಇಂದು ನಾನು ಹೇಳಬಂದಿರುವುದು ಆ ಲೆಕ್ಕವನ್ನೇ.

ಗಿಡವು ಎಲೆಯ ರಂಧ್ರಗಳ ಮೂಲಕ ನೀರನ್ನು ಆವಿಯಾಗಿಸಿ ತನ್ನನ್ನು ತಂಪಾಗಿಟ್ಟುಕೊಳ್ಳುತ್ತದೆ. ನಮ್ಮ ದೇಹ ಬೆವರಿನಿಂದ ಅದೇ ಕೆಲಸ ಮಾಡುತ್ತದೆ. ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಭಾಗ ಶಾಖವಾಗಿಯೇ ಹೊರಬರುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಒಂದು ವ್ಯತ್ಯಾಸ ಮಾತ್ರ ಗಮನಾರ್ಹ. ನೀರು ಕಡಿಮೆಯಾದಾಗ ಗಿಡ ತನ್ನ ರಂಧ್ರಗಳನ್ನು ಮುಚ್ಚಿ, ಬೆಳವಣಿಗೆಯನ್ನು ನಿಲ್ಲಿಸಿ, ಜೀವ ಉಳಿಸಿಕೊಳ್ಳುತ್ತದೆ. ಮನುಷ್ಯನಾದರೋ ಹಠ ಹಿಡಿದು ಓಡುತ್ತಲೇ ಇರುತ್ತಾನೆ.

ಬಯಲುಸೀಮೆಯ ಬೆಟ್ಟಕ್ಕೂ ಮಲೆನಾಡಿನ ಬೆಟ್ಟಕ್ಕೂ ಇಲ್ಲಿ ಭೇದವಿದೆ. ಸಾವನದುರ್ಗದ ಬಂಡೆಯ ಮೇಲೆ ಒಣಗಾಳಿಗೆ ಬೆವರು ಹುಟ್ಟಿದಂತೆಯೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗದಿರುವುದರಿಂದ ಎಷ್ಟು ನೀರು ಕಳೆದುಕೊಂಡೆವೆಂಬುದು ತಿಳಿಯುವುದೇ ಇಲ್ಲ. ಮಳೆಗೆ ಮುಂಚಿನ ಮಲೆನಾಡಿನಲ್ಲಿ ಬೆವರು ಆರದೆ ತೊಟ್ಟಿಕ್ಕುತ್ತದೆ. ನೀರು ಹೋಗುತ್ತದೆ, ತಂಪು ಸಿಗುವುದಿಲ್ಲ. ಆದ್ದರಿಂದ ನೆರಳಿರುವ ಕಾಡಿನ ಹಾದಿಯೆಂದು ಮೈಮರೆಯುವಂತಿಲ್ಲ.

ವಾರದ ಐದು ದಿನ ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತವರಿಗೆ ಇನ್ನೊಂದು ತೊಡಕಿದೆ. ದೇಹ ಬಿಸಿಲಿಗೆ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನಗಳ ಅಭ್ಯಾಸ ಬೇಕು. ಒಗ್ಗದ ದೇಹ ತಡವಾಗಿ ಬೆವರುತ್ತದೆ, ಬೆವರಿನೊಂದಿಗೆ ಹೆಚ್ಚು ಉಪ್ಪನ್ನೂ ಕಳೆದುಕೊಳ್ಳುತ್ತದೆ. ಪೀಣ್ಯದ ಕುಲುಮೆಗಳ ಎದುರು ದುಡಿಯುವ ಗೆಳೆಯರು ಶಾಖಕ್ಕೆ ಒಗ್ಗಿರುತ್ತಾರೆ, ನಿಜ. ಆದರೆ ರಾತ್ರಿ ಪಾಳಿ ಮುಗಿಸಿ ನೇರ ಬೆಟ್ಟಕ್ಕೆ ಹೊರಟರೆ, ನೀರಿನ ಕೊರತೆಯೊಂದಿಗೇ ಓಟ ಆರಂಭಿಸಿದಂತೆ.

ಈಗ ಲೆಕ್ಕಕ್ಕೆ ಬರೋಣ. ಹನಿ ನೀರಾವರಿಯಲ್ಲಿ ಒಂದು ಅಡಕೆ ಮರಕ್ಕೆ ಬೇಸಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕೆಂದು ನಮ್ಮ ರೈತರು ಬಾಯಿಪಾಠ ಹೇಳುತ್ತಾರೆ. ತಮ್ಮ ದೇಹಕ್ಕೆ ಗಂಟೆಗೆ ಎಷ್ಟು ಬೇಕೆಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಬೆವರುವ ಪ್ರಮಾಣ ಬಹುತೇಕರಲ್ಲಿ ಗಂಟೆಗೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್. ಕೆಲವರಲ್ಲಿ ಎರಡು ಲೀಟರನ್ನೂ ಮೀರುತ್ತದೆ. ಪಕ್ಕದವನ ಬಾಟಲಿ ನೋಡಿ ನಿಮ್ಮದನ್ನು ತುಂಬಿಸಿಕೊಳ್ಳುವುದು ಸರಿಯಾಗಲಾರದು. ಮನೆಯ ತೂಕದ ಯಂತ್ರ ಸಾಕು. ನೀವು ಓಡಲಿರುವಂಥದೇ ಬಿಸಿಲಿನಲ್ಲಿ ಒಂದು ಗಂಟೆ ಓಡಿ. ಓಟದ ಮುಂಚೆ ಮತ್ತು ಅನಂತರ, ಮೈ ಒರೆಸಿಕೊಂಡು, ಕನಿಷ್ಠ ಬಟ್ಟೆಯಲ್ಲಿ ತೂಗಿಕೊಳ್ಳಿ. ಇಳಿದ ಒಂದು ಕಿಲೋ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ಮೊದಲು 64 ಕಿಲೋ ಇದ್ದು, ನಡುವೆ 300 ಮಿಲಿಲೀಟರ್ ಕುಡಿದು, ಕೊನೆಗೆ 63.2 ಕಿಲೋ ಆದರೆ, ನೀವು ಗಂಟೆಗೆ 1.1 ಲೀಟರ್ ಬೆವರುತ್ತೀರಿ.

ಬೆಟ್ಟದಲ್ಲಿ ನಾಲ್ಕು ಗಂಟೆ ಓಡುವುದಾದರೆ ಹೋಗುವ ನೀರು 4.4 ಲೀಟರ್. ಅಷ್ಟನ್ನೂ ಕುಡಿದೇ ತುಂಬಬೇಕಿಲ್ಲ. ದೇಹತೂಕದ ನೂರಕ್ಕೆ ಎರಡರಷ್ಟು, ಅಂದರೆ ಈ ಉದಾಹರಣೆಯಲ್ಲಿ ಸುಮಾರು 1.3 ಲೀಟರ್, ನಷ್ಟವನ್ನು ದೇಹ ತಾಳಿಕೊಳ್ಳುತ್ತದೆ. ಉಳಿದ 3.1 ಲೀಟರ್ ಬೆನ್ನಮೇಲಿರಬೇಕು. ಕಾಲು ಉಳುಕಿದರೆ, ದಾರಿ ತಪ್ಪಿದರೆ ಎಂದು ಮತ್ತೂ ಅರ್ಧ ಲೀಟರ್. ಒಟ್ಟು ಮೂರೂವರೆ ಲೀಟರಿಗೂ ಸ್ವಲ್ಪ ಹೆಚ್ಚು. ಇಲ್ಲಿ ನಾನು ಕಿಲೋಮೀಟರಿನ ಮಾತೆತ್ತಲಿಲ್ಲ ಎಂಬುದನ್ನು ಗಮನಿಸಿ. ವರ್ತೂರಿನ ಸಮತಟ್ಟು ರಸ್ತೆಯಲ್ಲಿ ಎರಡು ಗಂಟೆಯಲ್ಲಿ ಮುಗಿಯುವ ಇಪ್ಪತ್ತು ಕಿಲೋಮೀಟರ್, ಏರುಹಾದಿಯಲ್ಲಿ ನಾಲ್ಕು ಗಂಟೆ ತೆಗೆದುಕೊಳ್ಳಬಹುದು. ನೀರು ಖರ್ಚಾಗುವುದು ಹೊತ್ತಿನ ಲೆಕ್ಕದಲ್ಲಿ.

ಅಷ್ಟು ಭಾರ ಹೊತ್ತು ಓಡುವುದು ಹೇಗೆಂದು ಕೇಳುತ್ತೀರಿ. ಬೆನ್ನಿಗಂಟುವ ಎರಡು ಲೀಟರಿನ ನೀರಿನ ಚೀಲ, ಎದೆಯ ಜೇಬುಗಳಲ್ಲಿ ಎರಡು ಬಾಟಲಿ, ಚೀಲದೊಳಗೆ ಮತ್ತೊಂದು; ಹೀಗೆ ಹಂಚಿದರೆ ಭಾರ ಅಷ್ಟಾಗಿ ಬಾಧಿಸದು, ಗಂಟೆಗಂಟೆಗೂ ಇಳಿಯುತ್ತಲೂ ಹೋಗುತ್ತದೆ. ಅದೂ ಆಗದೆಂದರೆ ಓಟವನ್ನೇ ಬದಲಿಸಿ. ಒಂದೇ ಉದ್ದನೆಯ ಹಾದಿಯ ಬದಲು ನೀರಿಟ್ಟ ಸ್ಥಳಕ್ಕೆ ಗಂಟೆಗೊಮ್ಮೆ ಮರಳುವ ಸುತ್ತುಹಾದಿಯನ್ನು ಆರಿಸಿಕೊಳ್ಳಿ. ಬೆಳಕು ಹರಿಯುತ್ತಿದ್ದಂತೆ ಹೊರಟು, ಬಿಸಿಲೇರುವ ಮುನ್ನ ಮರಳಿ. ಓಡುವಾಗ ಹೆಚ್ಚಿನವರ ಹೊಟ್ಟೆ ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ನೀರನ್ನು ತಡೆಯುವುದಿಲ್ಲ. ಗಂಟೆಗೆ ಎರಡು ಲೀಟರ್ ಬೆವರುವವನನ್ನು ಹೊತ್ತ ನೀರೂ ಕಾಪಾಡಲಾರದು. ಅವನು ವೇಗ ತಗ್ಗಿಸಬೇಕು, ಇಲ್ಲವೇ ದೂರ ತಗ್ಗಿಸಬೇಕು. ಹೊರಲಾಗದಷ್ಟು ನೀರು ಬೇಡುವ ಓಟ, ಆ ದಿನ ಓಡಬಾರದ ಓಟ.

ಹೆಚ್ಚು ಕುಡಿಯುವುದೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಗುರಿ ಮುಟ್ಟಿದ 488 ಮಂದಿಯ ರಕ್ತವನ್ನು ಪರೀಕ್ಷಿಸಿದಾಗ, ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಇಳಿದಿರುವುದು ಕಂಡುಬಂದಿತು. ಓಟದ ನಡುವೆ ತೂಕ ಹೆಚ್ಚಿಸಿಕೊಂಡವರಲ್ಲಿ ಆ ತೊಂದರೆ ಅಧಿಕವಾಗಿತ್ತು. ಆದ್ದರಿಂದ ನೀರನ್ನು ಸಾಕಷ್ಟು ಹೊರಿರಿ, ಬಾಯಾರಿದಂತೆ ಗುಟುಕು ಗುಟುಕಾಗಿ ಕುಡಿಯಿರಿ. ಎರಡು ಗಂಟೆ ಮೀರಿದ ಓಟಕ್ಕೆ ಉಪ್ಪೂ ಬೇಕು. ಉಪ್ಪು ಹಾಕಿದ ನಿಂಬೆ ಪಾನಕ ಉತ್ತಮ. ಲೀಟರ್ ನೀರಿಗೆ ಅಂಚಿಗೆ ಸಮನಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದರೂ ಆಯಿತು. ಅಂಗಡಿಯ ಸಿಹಿ ಪೇಯಗಳ ಹೆಸರಿಗೆ ಮರುಳಾಗಬೇಡಿ. ನಿಗದಿತ ಸೂತ್ರಕ್ಕೆ ಹೊಂದದ ಪೇಯಗಳು 'ಒಆರ್‌ಎಸ್' ಎಂಬ ಹೆಸರನ್ನು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ದಾರಿಯಲ್ಲಿ ನೀರು ಸಿಗುವುದೆಂಬ ನಂಬಿಕೆಯ ವಿಚಾರ ಉಳಿದಿದೆ. ನೀವು ಓಡುವ ಬೆಟ್ಟಗಳ ಹೆಸರುಗಳೇ ನೀರಿನ ಆಸೆ ಹುಟ್ಟಿಸುತ್ತವೆ. ಕೋಲಾರದಲ್ಲಿ ಅಂತರಗಂಗೆ, ದೇವರಾಯನದುರ್ಗದಲ್ಲಿ ನಾಮದ ಚಿಲುಮೆ, ಶಿವಗಂಗೆಯಲ್ಲಿ ಒಳಕಲ್ಲು ತೀರ್ಥ. ಬಂಡೆಗಳ ನಾಡಿನಲ್ಲಿ ನೀರು ಅಪರೂಪವಾದುದರಿಂದಲೇ ಹಿರಿಯರು ಅದಿರುವೆಡೆಯನ್ನು ಹೆಸರಿಟ್ಟು ಪೂಜಿಸಿದರು. ಅವು ತೀರ್ಥಗಳು, ಓಟಗಾರರ ಬಾಟಲಿಗಳಿಗಾಗಿ ಇಟ್ಟ ನಲ್ಲಿಗಳಲ್ಲ. ಬಯಲಿನ ಕೆರೆಗಳಂತೂ ಕುಡಿಯಲು ಒದಗುವುದಿಲ್ಲ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹೊತ್ತಿಕೊಂಡುದನ್ನು ನೀವೇ ಬಲ್ಲಿರಿ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ದಾಖಲಾಗಿದೆ. ಜೇಬಿನಲ್ಲಿ ಒಯ್ಯುವ ಸಾಧಾರಣ ಶೋಧಕ ರೋಗಾಣುಗಳನ್ನು ತಡೆದೀತು, ಕರಗಿದ ರಾಸಾಯನಿಕಗಳನ್ನಲ್ಲ.

2024ರ ಮಾರ್ಚಿನಲ್ಲಿ ಈ ನಗರ ನೀರಿಲ್ಲದೆ ತತ್ತರಿಸಿತು. ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಟ್ಯಾಂಕರಿನ ದಾರಿ ಕಾಯುತ್ತ ನೀವು ಬಕೆಟ್ಟುಗಳನ್ನು ಎಣಿಸಿದ್ದೀರಿ. ಆಗ ಕಲಿತ ಎಣಿಕೆಯನ್ನು ಬೆಟ್ಟದ ಬುಡದಲ್ಲಿ ಮರೆಯಬೇಡಿ. ನಮ್ಮೂರಿನ ಅನೇಕ ಮನೆಗಳಿಗೆ ಏಪ್ರಿಲ್ ತಿಂಗಳೆಂದರೆ ಪ್ರತಿ ವರ್ಷವೂ ಆ ಮಾರ್ಚೇ.

ಹಾದಿಬದಿಯ ಊರವರಿಗೂ ಶಾಲೆಯ ಮಕ್ಕಳಿಗೂ ಒಂದು ಮಾತು. ಬಿಸಿಲಿನಲ್ಲಿ ಓಡಿ ಬಂದವನು ತಡವರಿಸಿದರೆ, ಅಸಂಬದ್ಧ ಮಾತನಾಡಿದರೆ, ಕುಸಿದರೆ, ಅದನ್ನು ಬಿಸಿಲಿನ ಆಘಾತವೆಂದೇ ಭಾವಿಸಿ. ಮೈ ಬೆವರಿನಿಂದ ಒದ್ದೆಯಾಗಿದ್ದರೂ ಆಘಾತವಾಗಿರಬಹುದು. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿದೀತು. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಇಡೀ ಮೈಗೆ ನೀರು ಸುರಿದು ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗಳಲ್ಲಿ ಒದ್ದೆಬಟ್ಟೆ ಇಡಿ. 108ಕ್ಕೆ ಕರೆ ಮಾಡಿಸಿ, ವಾಹನ ಬರುವವರೆಗೂ ತಂಪು ಮಾಡುತ್ತಲೇ ಇರಿ.

ನನ್ನ ತಂಗಿಯ ಮಗನಿಗೆ ಆ ಮನೆಯಾಕೆ ಮಾಡಿದ್ದು ಅದನ್ನೇ. ಅವರ ಎರಡು ಕೊಡ ನೀರು ದಿನದ ಅಡುಗೆಗೆಂದು ಒರತೆಯಿಂದ ಹೊತ್ತು ತಂದದ್ದು. ನಾವು ಹುಡುಗನನ್ನು ಕರೆದೊಯ್ಯಲು ಹೋದಾಗ, ಉರಿಬಿಸಿಲಿನಲ್ಲಿ ಆಕೆ ಮತ್ತೆ ಕೊಡ ಹಿಡಿದು ಒರತೆಯ ಕಡೆಗೆ ಹೊರಟಿದ್ದರು. ಅವನು ಮನೆಯಿಂದ ಹೊರದೆ ಬಿಟ್ಟ ನೀರನ್ನು ಅವರು ಹೊತ್ತರು.

ಅವನು ಈಗಲೂ ಓಡುತ್ತಾನೆ. ಊರಿಗೆ ಬಂದಾಗ ಹೊರಡುವ ಮುನ್ನ ಹಿತ್ತಿಲಿನ ತೊಟ್ಟಿಯ ಬಳಿ ನಿಂತು ಅಳೆದು ತುಂಬಿಸಿಕೊಳ್ಳುತ್ತಾನೆ. ನೀವೂ ಹಾಗೆ ಮಾಡಿ, ಊರಿಗೆ ಓಡಿ ಬನ್ನಿ.