ದೂರದ ಮನೆ, ಕಿಟಕಿಯ ಆಸನ ಮತ್ತು ಮಿತವ್ಯಯದ ಲೆಕ್ಕ

(ಮುಂಬಯಿಯ ನಮ್ಮ ಶಾಖಾಮಠದ ಮಾಸಿಕ ಸತ್ಸಂಗದಲ್ಲಿ ಮಾಡಿದ ಭಾಷಣದ ಲಿಖಿತರೂಪ)

ನಾನು ಪಂಡಿತನಲ್ಲ. ಡಿಪ್ಲೊಮಾ ಮುಗಿಸಿ ರೈಲ್ವೆಯನ್ನು ಸೇರಿ, ಹಳಿ, ಸ್ಲೀಪರು, ಜಲ್ಲಿಕಲ್ಲುಗಳ ನಡುವೆ ಸೇವಾವಧಿಯನ್ನು ಕಳೆದು ನಿವೃತ್ತನಾದವನು. ಶಾಸ್ತ್ರವಿಷಯಗಳನ್ನು ನಿರೂಪಿಸಲು ಅಧಿಕಾರವುಳ್ಳ ವಿದ್ವಾಂಸರು ಈ ವೇದಿಕೆಯಲ್ಲಿಯೇ ಇದ್ದಾರೆ. ವ್ಯವಸ್ಥಾಪಕರು ನನಗೆ ‘ಗೃಹಸ್ಥಜೀವನದಲ್ಲಿ ಮಿತವ್ಯಯ’ ಎಂಬ ವಿಷಯವನ್ನು ಕೊಟ್ಟಾಗ, ನನಗೆ ಪರಿಚಯವಿರುವ ರೈಲುದಾರಿಯಿಂದಲೇ ಅದನ್ನು ಸಮೀಪಿಸುವುದು ಕ್ಷೇಮವೆಂದು ತೋರಿತು.

ಈ ಮಹಾನಗರದಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಯೊಂದಿದೆ. ಕೆಲಸದ ಸ್ಥಳಕ್ಕೆ ಸಮೀಪದಲ್ಲಿ ಹೆಚ್ಚು ಬಾಡಿಗೆ ಕೊಟ್ಟು ಇಕ್ಕಟ್ಟಾದ ಮನೆಯಲ್ಲಿರಬೇಕೆ, ಅಥವಾ ದೂರದಲ್ಲಿ ಕಡಿಮೆ ಬಾಡಿಗೆಗೆ ಗಾಳಿ ಬೆಳಕುಳ್ಳ ಮನೆಯನ್ನು ಹಿಡಿದು ನಿತ್ಯವೂ ರೈಲಿನಲ್ಲಿ ಓಡಾಡಬೇಕೆ? ಕಳೆದ ವರ್ಷ ನಮ್ಮ ಭಕ್ತಕುಟುಂಬವೊಂದರ ಯುವಕನು ಇದೇ ಪ್ರಶ್ನೆಯನ್ನು ಹಿಡಿದು ನಮ್ಮ ಮನೆಗೆ ಬಂದನು. ಆತನ ಕಚೇರಿ ಕೋಟೆ ಪ್ರದೇಶದಲ್ಲಿ, ವಾಸ ಮುಲುಂಡಿನಲ್ಲಿ, ಮನೆಯಲ್ಲಿ ಪತ್ನಿ, ಶಾಲೆಗೆ ಹೋಗುವ ಮಗಳು ಮತ್ತು ವೃದ್ಧ ತಾಯಿ. ಕರ್ಜತ್ತಿನಲ್ಲಿ ಒಂದು ಮನೆಯನ್ನು ನೋಡಿ ಬಂದಿದ್ದನು. “ಕಾಕಾ, ರೊಕ್ಕಾನೂ ಉಳಿತದ, ಖಿಡಕಿ ಸೀಟೂ ಸಿಗ್ತದ, ತಪ್ಪೇನದ?” ಎಂಬುದು ಆತನ ವಾದ.

ತಪ್ಪೇನೂ ಇಲ್ಲ. ಕರ್ಜತ್ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ 100 ಕಿಲೋಮೀಟರು ದೂರದ ಊರು. ಲೋಕಲ್ ಗಾಡಿಗಳು ಅಲ್ಲಿಂದಲೇ ಹೊರಡುವುದರಿಂದ ಬೆಳಿಗ್ಗೆ ಕುಳಿತುಕೊಳ್ಳಲು ಜಾಗ ಸಿಗುವುದು ದುರ್ಲಭವಲ್ಲ. ನೇರಳ್‌ವರೆಗೆ ಮಾಥೇರಾನ್ ಬೆಟ್ಟಸಾಲು ಜೊತೆಗಿರುತ್ತದೆ. ಆಷಾಢ ಶ್ರಾವಣಗಳಲ್ಲಿ ಬಂಡೆಗಳ ಮೇಲಿನಿಂದ ಇಳಿಯುವ ನೀರು, ಗದ್ದೆಗಳ ಹಸಿರು, ಉಲ್ಹಾಸ ನದಿಯ ತಿರುವುಗಳು ಕಾಣುತ್ತವೆ. ಬದ್ಲಾಪುರ ದಾಟುವವರೆಗೆ ಇದು ಮುಂಬಯಿಯ ಲೋಕಲ್ ಎಂಬುದೇ ಮರೆತುಹೋಗುತ್ತದೆ. ಹಳಿಗಳ ತಪಾಸಣೆಗೆಂದು ಆ ಭಾಗದಲ್ಲಿ ನಾನು ಎಷ್ಟೋ ಬಾರಿ ಕಾಲ್ನಡಿಗೆಯಲ್ಲಿ ಸಾಗಿದ್ದೇನೆ. ಆ ಕೆಲಸವನ್ನು ಬೇಸರವೆಂದು ಎಂದೂ ಎಣಿಸಲಿಲ್ಲ. ಸಂತೋಷವನ್ನು ಕೊಡುವ ಪ್ರಯಾಣವೆಲ್ಲವೂ ದುಂದುವೆಚ್ಚವೆಂದು ಹೇಳುವವರು ನಮ್ಮಲ್ಲಿ ಕೆಲವರಿದ್ದಾರೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ.

ಇನ್ನು ವೆಚ್ಚದ ವಿಷಯ. ಉಕ್ಕಿನ ಗಾಲಿಯು ಉಕ್ಕಿನ ಹಳಿಯ ಮೇಲೆ ಉರುಳುವಾಗ ಘರ್ಷಣೆ ಅತ್ಯಲ್ಪ. ಇಂದಿನ ಲೋಕಲ್ ಗಾಡಿಗಳು ಬ್ರೇಕು ಹಾಕುವಾಗ ಒಂದಂಶ ವಿದ್ಯುತ್ತನ್ನು ಮರಳಿ ತಂತಿಗೆ ಕೊಡುತ್ತವೆ. ರೈಲೆಂಬುದು ಸ್ವಭಾವತಃ ಮಿತವ್ಯಯದ ಯಂತ್ರ. ಅದರ ಮೇಲೆ ಸೀಸನ್ ಟಿಕೆಟ್ಟಿನ ರಿಯಾಯಿತಿಯಿದೆ. ಮೂರು ತಿಂಗಳ ಪಾಸಿಗೆ ಒಂದು ತಿಂಗಳ ದರದ 2.7 ಪಟ್ಟು ಮಾತ್ರ. 2025ರ ಜುಲೈಯಲ್ಲಿ ದೂರಪ್ರಯಾಣದ ದರಗಳನ್ನು ಏರಿಸಿದಾಗಲೂ ಉಪನಗರದ ದರವನ್ನಾಗಲಿ ಸೀಸನ್ ಟಿಕೆಟ್ಟನ್ನಾಗಲಿ ಮುಟ್ಟಲಿಲ್ಲ. ಹೀಗಾಗಿ 100 ಕಿಲೋಮೀಟರು ದೂರವು ಜೇಬಿಗೆ ದೂರವೆನಿಸುವುದೇ ಇಲ್ಲ. ಎಚ್ಚರಿಕೆ ಬೇಕಾದದ್ದು ಇಲ್ಲಿಯೇ. ಪಾಸು ಇಷ್ಟೊಂದು ಅಗ್ಗವಾಗಿರುವುದರಿಂದ ಬೇರೆ ಯಾವ ವೆಚ್ಚವೂ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನಾನು ಆ ಯುವಕನನ್ನು ಕಾಗದ ಪೆನ್ಸಿಲಿನೊಡನೆ ಕೂಡಿಸಿದೆನು. ಮುಲುಂಡಿನಿಂದ ಟರ್ಮಿನಸ್ಸಿಗೆ ಸುಮಾರು ಐವತ್ತು ನಿಮಿಷ, ಕರ್ಜತ್ತಿನಿಂದ ಸುಮಾರು ಎರಡು ಗಂಟೆ. ಒಂದು ಸಲಕ್ಕೆ 70 ನಿಮಿಷ ಹೆಚ್ಚು. ಹೋಗಿ ಬರುವುದಕ್ಕೆ 2 ಗಂಟೆ 20 ನಿಮಿಷ. ತಿಂಗಳಿಗೆ 25 ದಿನ ಕೆಲಸವೆಂದರೆ 58 ಗಂಟೆಗಳನ್ನು ದಾಟಿತು. ವರ್ಷಕ್ಕೆ 700 ಗಂಟೆ, ಅಂದರೆ 29 ಹಗಲು ರಾತ್ರಿಗಳಿಗಿಂತ ಹೆಚ್ಚು. ಬಾಡಿಗೆಯಲ್ಲಿ 12,000 ರೂಪಾಯಿ ಉಳಿಯುವುದೆಂದು ಆತನ ಅಂದಾಜು. ಅದರಿಂದ ಪಾಸಿನ ವ್ಯತ್ಯಾಸ, ನಿಲ್ದಾಣದವರೆಗಿನ ಆಟೋ, ದಾರಿಯ ಚಹಾ, ತಾಯಿಯವರನ್ನು ಮುಲುಂಡಿನ ವೈದ್ಯರ ಬಳಿಗೆ ಕರೆತರುವ ಖರ್ಚು ಎಲ್ಲವನ್ನೂ ಕಳೆದಾಗ 8,500 ರೂಪಾಯಿ ಉಳಿಯಿತು. ಅದನ್ನು 58 ಗಂಟೆಗಳಿಂದ ಭಾಗಿಸಿದರೆ ಗಂಟೆಗೆ ಸುಮಾರು 146 ರೂಪಾಯಿ. ಆತನ ಸಂಬಳ 45,000. ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 200 ಗಂಟೆಯ ದುಡಿಮೆ. ಗಂಟೆಗೆ 225 ರೂಪಾಯಿ. ಕಚೇರಿಗೆ 225ರಂತೆ ಮಾರುವ ಸಮಯವನ್ನು ರೈಲಿಗೆ 146ರಂತೆ ಮಾರಿದಂತಾಯಿತಲ್ಲವೇ ಎಂದು ಕೇಳಿದೆನು.

ಆತನೂ ಬುದ್ಧಿವಂತ. “ಕೂತಕೊಂಡು ಹೋಗೂದು ಪುಕ್ಕಟ ಅಲ್ಲೇನು ಕಾಕಾ? ಓದತೀನಿ, ನಿದ್ದಿ ಮಾಡತೀನಿ” ಎಂದನು. ಈ ಆಕ್ಷೇಪಣೆ ನ್ಯಾಯವಾದದ್ದೇ. ಕುಳಿತು ಕಳೆದ ಎರಡು ಗಂಟೆಯನ್ನು ನಷ್ಟದ ಕಡೆಗೆ ಬರೆಯಲಾಗದು. ನಮ್ಮ ಲೋಕಲ್‌ಗಳಲ್ಲಿ ತಾಳ ಹಿಡಿದು ಭಜನೆ ಮಾಡುತ್ತ ಹೋಗುವ ಮಂಡಳಿಗಳನ್ನು ತಾವೆಲ್ಲ ಕಂಡಿದ್ದೀರಿ. ಮಹಿಳೆಯರ ಬೋಗಿಯಲ್ಲಿ ಸಂಜೆ ಮೆಂತ್ಯದ ಸೊಪ್ಪು ಬಿಡಿಸುತ್ತ, ಕಷ್ಟಸುಖ ಹಂಚಿಕೊಳ್ಳುತ್ತ ಬರುವ ತಾಯಂದಿರೂ ಇದ್ದಾರೆ. ಅಲ್ಲಿ ಬೆಳೆದ ಸ್ನೇಹಗಳು ಮದುವೆ ಮುಂಜಿವೆಗಳವರೆಗೂ ಬಂದು ನಿಂತಿವೆ. ಆದರೆ ಇದು ಬೆಳಗಿನ ಮಾತು. ಸಂಜೆ ಟರ್ಮಿನಸ್ಸಿನಿಂದ ಹೊರಡುವ ಕರ್ಜತ್ ಗಾಡಿಯಲ್ಲಿ ಆಸನ ಹಿಡಿಯುವುದು ಎಲ್ಲರಿಗೂ ಸಾಧ್ಯವಿಲ್ಲ. 54 ಕಿಲೋಮೀಟರು ದೂರದ ಕಲ್ಯಾಣ ಬರುವವರೆಗೆ ನಿಂತಿರಲು ಸಿದ್ಧನಿರಬೇಕು. (ದಾದರಿನವರೆಗೆ ಮಾತ್ರ ಪಾಸುಳ್ಳವರು ಆಸನಕ್ಕಾಗಿ ಟರ್ಮಿನಸ್ಸಿನವರೆಗೆ ಹಿಂದಕ್ಕೆ ಹೋಗಿ ಕುಳಿತು ಬರುತ್ತಾರೆ. ಅದು ಟಿಕೆಟ್ಟಿಲ್ಲದ ಪ್ರಯಾಣವೇ. ಏಕಾದಶಿಯ ಉಪವಾಸ ಮಾಡುವ ನಮ್ಮವರೂ ಹಾಗೆ ಮಾಡುವುದನ್ನು ಕಂಡು ನನಗೆ ಆಶ್ಚರ್ಯವಾಗಿದೆ.) ಆದ್ದರಿಂದ ಬೆಳಗಿನ ಅರ್ಧವನ್ನು ಲಾಭಕ್ಕೂ ಸಂಜೆಯ ಅರ್ಧವನ್ನು ವೆಚ್ಚಕ್ಕೂ ಬರೆಯೋಣವೆಂದು ಒಪ್ಪಂದವಾಯಿತು. ವಾರಕ್ಕೆ ಎರಡು ಮೂರು ದಿನ ಮನೆಯಿಂದಲೇ ಕೆಲಸ ಮಾಡಲು ಕಚೇರಿಯವರು ಒಪ್ಪಿದರೆ ವೆಚ್ಚ ಇನ್ನೂ ತಗ್ಗುತ್ತದೆ. ಈತನಿಗೆ ಆ ಸೌಲಭ್ಯವಿರಲಿಲ್ಲ.

ಅಷ್ಟರಲ್ಲಿ ಆತನ ಪತ್ನಿ ಬಾಗಿಲ ಬಳಿ ನಿಂತು ಹೇಳಿದ ಮಾತು ಇಡೀ ಲೆಕ್ಕವನ್ನು ತಲೆಕೆಳಗು ಮಾಡಿತು. “ಖಿಡಕಿ ಅವರಿಗೆ, ನಸಿಕಿನ್ಯಾಗ ನಾಕೂವರಿ ಅಲಾರಾಂ ನನಗರೀ ಕಾಕಾ.” ನಮ್ಮ ಮನೆಗಳಲ್ಲಿ ಹೊರಗಿನ ಅನ್ನ ಉಣ್ಣದವರಿಗೆ ಡಬ್ಬಿ ಸಿದ್ಧವಾಗಬೇಕು, ಸ್ನಾನವಾಗದೆ ಒಲೆ ಹೊತ್ತಿಸುವಂತಿಲ್ಲ. ಆತನು ಏಳು ಗಂಟೆಯ ಗಾಡಿಯನ್ನು ಹಿಡಿಯಬೇಕಾದರೆ ಆಕೆ ನಾಲ್ಕೂವರೆಗೆ ಏಳಲೇಬೇಕು. ರಾತ್ರಿ ಆತನು ಬರುವುದು ಒಂಬತ್ತಕ್ಕೆ. ಆಮೇಲೆ ಊಟ, ಪಾತ್ರೆ, ಮಗಳ ಪಾಠ. ಈ ಗಂಟೆಗಳು ನಮ್ಮ ಕಾಗದದ ಯಾವ ಸಾಲಿನಲ್ಲಿಯೂ ಇರಲಿಲ್ಲ. ಉಳಿತಾಯವು ಮನೆಯದು, ಕಿಟಕಿಯ ಸುಖವು ಆತನದು, ನಿದ್ರೆಯ ನಷ್ಟವು ಆಕೆಯದು. ಇಂತಹ ಲೆಕ್ಕಕ್ಕೆ ಮಿತವ್ಯಯವೆಂದು ಹೆಸರಿಡಲು ನನಗೆ ಮನಸ್ಸಾಗಲಿಲ್ಲ. ನವಕೋಟಿ ನಾರಾಯಣನೆನಿಸಿದ್ದ ಶ್ರೀನಿವಾಸನಾಯಕರು ಪುರಂದರದಾಸರಾದದ್ದು ಪತ್ನಿಯ ಮೂಗುತಿಯ ಪ್ರಸಂಗದಿಂದ ಎಂಬ ಐತಿಹ್ಯವನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಲೆಕ್ಕದಲ್ಲಿ ಅಷ್ಟು ನಿಪುಣರಾದ ವರ್ತಕರಿಗೂ ಕಾಣದಿದ್ದದ್ದು ಮನೆಯೊಳಗಿನವರಿಗೆ ಕಂಡಿತ್ತು.

ಇನ್ನೆರಡು ವಿಷಯಗಳನ್ನು ವೃತ್ತಿಯ ಅನುಭವದಿಂದ ಹೇಳಬೇಕಾಗಿದೆ. ಪ್ರಯಾಣದ ಸುಖವು ಶಾಶ್ವತವಾದದ್ದಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಮೊದಲ ಗಾಡಿ ಹೋದದ್ದು 34 ಕಿಲೋಮೀಟರು ದೂರದ ಠಾಣೆಗೆ. ಅಂದಿನ ದೂರದ ಊರು ಇಂದು ನಗರದ ನಡುವೆಯೇ ಇದೆ. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ‘ಶಾಂತವಾದ ಊರು’ ಎಂದು ಜನರು ಡೊಂಬಿವಲಿಗೂ ಬದ್ಲಾಪುರಕ್ಕೂ ಹೋಗುತ್ತಿದ್ದರು. ಈಗ ಆ ನಿಲ್ದಾಣಗಳಲ್ಲಿ ಬೆಳಿಗ್ಗೆ ಗಾಡಿಯೊಳಗೆ ಕಾಲಿಡುವುದೇ ಸಾಹಸ. ಪನವೇಲ್–ಕರ್ಜತ್ ಉಪನಗರ ಮಾರ್ಗವನ್ನು ಕೈಗೆತ್ತಿಕೊಂಡ ಮೇಲೆ ಕರ್ಜತ್ತಿನ ಕಡೆಗೂ ಎಲ್ಲರ ಕಣ್ಣು ಬಿದ್ದಿದೆ. ಇಂದಿನ ಆಸನವನ್ನು ನಂಬಿ ಇಪ್ಪತ್ತು ವರ್ಷಗಳ ಸಾಲವನ್ನು ಹೊರುವುದು ವಿವೇಕವಲ್ಲ. ಬಾಡಿಗೆಯಾದರೆ ಹನ್ನೊಂದು ತಿಂಗಳ ಕರಾರು ಮುಗಿದ ಮೇಲೆ ಮರಳಬಹುದು.

ಎರಡನೆಯದು ಮಳೆ ಮತ್ತು ಹಳಿ. ಬದ್ಲಾಪುರದಾಚೆ ಕರ್ಜತ್ತಿನವರೆಗೆ ಇರುವುದು ಎರಡೇ ಮಾರ್ಗ. ಲೋಕಲ್, ಪುಣೆಯ ಕಡೆಯ ಎಕ್ಸ್‌ಪ್ರೆಸ್, ಸರಕು ಗಾಡಿ ಎಲ್ಲವೂ ಅದರ ಮೇಲೆಯೇ ಓಡಬೇಕು. ಒಂದು ತಡವಾದರೆ ಹಿಂದಿನವೆಲ್ಲ ತಡ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿದಾಗ ನಗರದ ರೈಲುಗಳೆಲ್ಲ ನಿಂತವು. 2019ರ ಜುಲೈ 27ರಂದು ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸು ಬದ್ಲಾಪುರ ಮತ್ತು ವಾಂಗಣಿಗಳ ನಡುವೆ ಉಲ್ಹಾಸ ನದಿಯ ಪ್ರವಾಹದಲ್ಲಿ ಸಿಕ್ಕಿಕೊಂಡು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರತರಬೇಕಾಯಿತು. ಕಿಟಕಿಯಿಂದ ಅಷ್ಟು ಸುಂದರವಾಗಿ ಕಾಣುವ ನದಿಯೇ ಅದು. ಮನೆಯಲ್ಲಿ ವೃದ್ಧರಿದ್ದಾಗ, ‘ಈ ರಾತ್ರಿ ನಾನು ಮನೆಗೆ ಮುಟ್ಟದಿದ್ದರೆ ಅವರ ಬಳಿ ಯಾರು?’ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ದೂರಕ್ಕೆ ಹೋಗಬಾರದು. ಮತ್ತೊಂದು ಮಾತನ್ನು ಯುವಕರಿಗೆ ಕೈಮುಗಿದು ಹೇಳುತ್ತೇನೆ: 2025ರ ಜೂನ್ 9ರಂದು ಮುಂಬ್ರಾ ಬಳಿಯ ತಿರುವಿನಲ್ಲಿ ತುಂಬಿದ ಲೋಕಲ್‌ಗಳ ಬಾಗಿಲಿನಿಂದ ಬಿದ್ದು ಕೆಲವರು ಪ್ರಾಣ ಕಳೆದುಕೊಂಡರು. ಕಚೇರಿಗೆ ತಡವಾದರೂ ಚಿಂತೆಯಿಲ್ಲ, ಆ ಗಾಡಿಯನ್ನು ಬಿಟ್ಟುಬಿಡಿ.

ಪುಣೆಯಿಂದ ಡೆಕ್ಕನ್ ಕ್ವೀನಿನಲ್ಲಿ ನಿತ್ಯ ಬರುವವರ ಉದಾಹರಣೆಯನ್ನು ಕೆಲವರು ಕೊಡುತ್ತಾರೆ. 1930ರ ಜೂನ್ 1ರಂದು ಆರಂಭವಾದ ಆ ಗಾಡಿಯ ಮೇಲೆ ನನಗೂ ಅಭಿಮಾನವಿದೆ. ಖಂಡಾಲಾ ಘಟ್ಟದ ಮಳೆಗಾಲದ ನೋಟಕ್ಕೆ ಎಣೆಯಿಲ್ಲ. ಆದರೆ 192 ಕಿಲೋಮೀಟರು, ಹೋಗಿ ಬರಲು ರೈಲಿನಲ್ಲಿಯೇ ಆರು ಗಂಟೆಗೂ ಮಿಕ್ಕಿದ ಸಮಯ. ಅದನ್ನು ವರ್ಷಗಟ್ಟಲೆ ಮಾಡಿದವರ ಧೈರ್ಯಕ್ಕೆ ನಮಸ್ಕಾರ. ಮಿತವ್ಯಯಕ್ಕೆ ಅದನ್ನು ಮಾದರಿಯಾಗಿ ಇಟ್ಟುಕೊಳ್ಳಬೇಡಿರಿ.

ಆ ದಂಪತಿಗಳಿಗೆ ನಾನು ಹೇಳಿದ್ದು ಇಷ್ಟು. ಉಳಿಯುವ 8,500 ರೂಪಾಯಿಗೆ ಒಂದು ಉದ್ದೇಶವನ್ನೂ ಒಂದು ಅವಧಿಯನ್ನೂ ಗೊತ್ತುಮಾಡಿಕೊಳ್ಳಿರಿ. ಉದ್ದೇಶವಿಲ್ಲದೆ ಉಳಿದದ್ದು ಹೊಸ ಮೊಬೈಲಿಗೋ ಶನಿವಾರದ ಪೇಟೆಗೋ ಹೋಗಿಬಿಡುತ್ತದೆ. ಮನೆ ಬದಲಿಸುವ ಮೊದಲು ಮಳೆಗಾಲದ ಒಂದು ವಾರ ಕರ್ಜತ್ತಿನಿಂದ ಓಡಾಡಿ ನೋಡು ಎಂದು ಯುವಕನಿಗೆ ಸೂಚಿಸಿದೆನು. ಅಲ್ಲಿಯ ಪರಿಚಿತರ ಮನೆಯಲ್ಲಿ ಇದ್ದು ಆತನು ಆರು ದಿನ ಪ್ರಯಾಣ ಮಾಡಿದನು. ಬೆಳಿಗ್ಗೆ ಆರೂ ದಿನ ಆಸನ ಸಿಕ್ಕಿತು, ಸಂಜೆ ಎರಡು ದಿನ ಮಾತ್ರ. ಎರಡು ರಾತ್ರಿ ಹತ್ತರ ಮೇಲೆ ಮುಟ್ಟಿದನು. ಇದೆಲ್ಲವನ್ನೂ ಚೀಟಿಯಲ್ಲಿ ಬರೆದು ತಂದು ಪತ್ನಿಯ ಮುಂದಿಟ್ಟನು.

ನಿರ್ಧಾರವನ್ನು ಆಕೆಯೇ ಮಾಡಿದಳು. ತಾಯಿಯವರ ವೈದ್ಯರು ಕರ್ಜತ್ತಿನಲ್ಲಿಯೇ ಗೊತ್ತಾಗಬೇಕು. ಡಬ್ಬಿಯ ಹೊಣೆ ಆತನದೇ. ಉಳಿದ ಹಣ ಮಗಳ ಹೆಸರಿನ ಖಾತೆಗೆ. ಹನ್ನೊಂದು ತಿಂಗಳ ನಂತರ ಮತ್ತೆ ಲೆಕ್ಕ. ಕಳೆದ ದೀಪಾವಳಿಯ ನಂತರ ಅವರು ಅಲ್ಲಿಗೆ ಹೋದರು. ಆತನು ಈಗ ನಾಲ್ಕೂವರೆಗೆ ತಾನೇ ಎದ್ದು, ಸ್ನಾನ ಸಂಧ್ಯೆಗಳನ್ನು ಮುಗಿಸಿ, ಮೊಸರವಲಕ್ಕಿಯನ್ನೋ ಚಪಾತಿಯನ್ನೋ ಡಬ್ಬಿಗೆ ತುಂಬಿಕೊಂಡು ಏಳರ ಗಾಡಿಯನ್ನು ಹಿಡಿಯುತ್ತಾನೆ. ಆಕೆ ಆರಕ್ಕೆ ಏಳುತ್ತಾಳೆ. ಆತನ ಚಪಾತಿಗಳು ಇನ್ನೂ ದುಂಡಗಾಗಿಲ್ಲವಂತೆ. ಮೂರು ತಿಂಗಳ ಪಾಸನ್ನು ಆತನು ಈಗಾಗಲೇ ಎರಡನೆಯ ಸಲ ಮಾಡಿಸಿದ್ದಾನೆ.

ಶ್ರೀಕೃಷ್ಣಾರ್ಪಣಮಸ್ತು.