ಸಣ್ಣ ಕಣಕ್ಕೊಂದು ಕಸಿ



ಮಾವಿನ ಸಸಿಗೆ ಬೇರೆ ಟೊಂಗೆ ಕೂಡಿಸುವುದಕ್ಕೆ ನಾವು ಕಸಿ ಎನ್ನುತ್ತೇವೆ, ಮರಾಠಿಯಲ್ಲಿ ಕಲಮ್ ಎನ್ನುತ್ತಾರೆ. ಉಮರ್ಗಾ, ನಿಲಂಗಾ, ಉದಗೀರ ಕಡೆಯವರಾದ ನಿಮಗೆ ಎರಡೂ ಮನೆಮಾತೇ. ಇಂಥ ಕಸಿಯನ್ನು ವಿಜ್ಞಾನಿಗಳು ಕಣ್ಣಿಗೆ ಕಾಣದ ಕಣಕ್ಕೂ ಮಾಡುತ್ತಾರೆ. ಅದು ನ್ಯಾನೋ ಕಣ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ಈ ಕಣದ ಗಾತ್ರ ಸಾಮಾನ್ಯವಾಗಿ ಅಂಥ 100 ಪಾಲಿನೊಳಗೇ.

ಬರಿಯ ಕಣಗಳನ್ನು ದ್ರವದಲ್ಲಿ ಬಿಟ್ಟರೆ ಹಿಟ್ಟು ಗಂಟುಕಟ್ಟಿದಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆದ್ದರಿಂದ ಅವುಗಳ ಮೈಮೇಲೆ ಪಾಲಿಮರ್ ಎಂಬ ಉದ್ದನೆಯ ಅಣುಸರಪಳಿಗಳನ್ನು ನೆಡುತ್ತಾರೆ. ಅವು ಕೂದಲಿನಂತೆ ನಿಂತು ಕಣಗಳನ್ನು ದೂರ ಇಡುತ್ತವೆ. ಸಿದ್ಧ ಸರಪಳಿ ತಂದು ಅಂಟಿಸುವುದು ಒಂದು ರೀತಿ. ಕಣದ ಮೇಲಿಂದಲೇ ಬೆಳೆಸುವುದು ಇನ್ನೊಂದು. ಎರಡನೆಯದರಲ್ಲಿ ಬೆಳೆ ದಟ್ಟ. ಸರಪಳಿಯನ್ನು ತಾಮ್ರದ ನೆರವಿನಿಂದ ಅಳತೆಗೆ ತಕ್ಕಂತೆ ಬೆಳೆಸುವ ವಿಧಾನವನ್ನು ಅಮೆರಿಕೆಯ ಪಿಟ್ಸ್‌ಬರ್ಗ್‌ನಲ್ಲಿ ಮಟ್ಯಾಷೆವ್ಸ್ಕಿ ಅವರು 1995ರಲ್ಲಿ ಪ್ರಕಟಿಸಿದರು.

ಈ ಕೆಲಸಕ್ಕೆ ದ್ರಾವಕ ಬೇಕು. ಟಾಲೂಯಿನ್, ಡೈಮಿಥೈಲ್ ಫಾರ್ಮಮೈಡ್ ಮುಂತಾದವು ರೂಢಿಯವು. ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆ ನಿಮಗೆ ಗೊತ್ತು. ಎಷ್ಟೋ ಥಿನ್ನರುಗಳಲ್ಲಿ ಇರುವುದು ಟಾಲೂಯಿನ್. ಅದು ಮಿದುಳು, ನರಗಳಿಗೆ ಕೆಡುಕು, ಎರಡನೆಯದು ಯಕೃತ್ತಿಗೆ. ಔಷಧದಲ್ಲಿ ಉಳಿಯಬಹುದಾದ ದ್ರಾವಕಕ್ಕೆ ಅಂತರರಾಷ್ಟ್ರೀಯ ಮಿತಿಯಿದೆ: ಹತ್ತು ಲಕ್ಷ ಪಾಲಿನಲ್ಲಿ ಟಾಲೂಯಿನ್ 890, ಡೈಮಿಥೈಲ್ ಫಾರ್ಮಮೈಡ್ 880, ಎಥನಾಲ್ ಮಾತ್ರ 5000. ಯಾವುದು ಸೌಮ್ಯ ಎಂಬುದು ಈ ಲೆಕ್ಕದಲ್ಲೇ ಕಾಣುತ್ತದೆ.

ಆದಕಾರಣ ಈಗ ನೀರು, ಎಥನಾಲ್‌ಗಳಲ್ಲಿ ಕಸಿ ಮಾಡುವ ಪ್ರಯತ್ನ ನಡೆದಿದೆ. ಎಥನಾಲ್ ಹೊರಗಿನದಲ್ಲ, ನಮ್ಮ ಸೀಮೆಯ ಕಬ್ಬಿನ ಕಾಕಂಬಿಯಿಂದ, ಅಂದರೆ ಮಳಿಯಿಂದ, ಬರುವಂಥದ್ದು. ನಿಂಬೆ, ನೆಲ್ಲಿಕಾಯಿಯಲ್ಲಿರುವ ಸಿ ಜೀವಸತ್ವವನ್ನು ಸೇರಿಸಿದರೆ ತಾಮ್ರವೂ ಬಹಳ ಕಡಿಮೆ ಸಾಕಾಗುತ್ತದೆ.

ಬ್ಯಾಂಕಿನಲ್ಲಿ ದುಡಿದವನು ನಾನು. ಜಮೆಯ ಜೊತೆ ಖರ್ಚನ್ನೂ ಹೇಳಬೇಕು. ಎಲ್ಲ ಸರಪಳಿಗೂ ನೀರು ಒಗ್ಗುವುದಿಲ್ಲ. ಒಗ್ಗದಿದ್ದರೆ ಸರಪಳಿ ಮುದುಡಿಕೊಳ್ಳುತ್ತದೆ. ನೀರನ್ನು ಆರಿಸಲು ಉರವಲು ಹೆಚ್ಚು ಬೇಕು. ಎಥನಾಲ್‌ಗೆ ಬೆಂಕಿಯ ಭಯವಿದೆ. ಬಳಸಿದ ನೀರನ್ನು ಶುದ್ಧ ಮಾಡದೆ ಹಳ್ಳಕ್ಕೆ ಬಿಟ್ಟರೆ 'ಹಸಿರು' ಎಂಬುದು ಹೆಸರಿಗೆ ಮಾತ್ರ.

'ನ್ಯಾನೋ' ಎಂದು ಬರೆದ ಮಾಲು ನಿಮ್ಮ ಅಂಗಡಿಗೆ ಬಂದಾಗ ಬೆಲೆ ಕೇಳಿ ಸುಮ್ಮನಾಗಬೇಡಿ. ಒಳಗಿನ ಕಣ ಯಾವುದು, ಯಾವ ದ್ರಾವಕದಲ್ಲಿ ತಯಾರಾಯಿತು, ಉಳಿದ ನೀರು ಎಲ್ಲಿಗೆ ಹೋಯಿತು ಎಂದೂ ಕೇಳಿರಿ. ಆ ಕಾರ್ಖಾನೆಯಲ್ಲಿ ಉಸಿರಾಡುವವರು ನಮ್ಮಂಥವರ ಮಕ್ಕಳೇ.